ಅಡುಗೆಮನೆಯ ಕಣ್ಣಿನ ಡಾಕ್ಟರು

ನಮ್ಮ ಅಡುಗೆಮನೆಯ ಗೂಡಿನಲ್ಲಿ, ಉಪ್ಪಿನ ಡಬ್ಬಿಯ ಪಕ್ಕ, ಒಂದು ಕಣ್ಣು ಇದೆ. ಪ್ಲಾಸ್ಟಿಕ್ಕಿನದು, ಕಿತ್ತಳೆ ಹಣ್ಣಿನಷ್ಟು ದಪ್ಪ. ನಡುವಿನ ಕೊಂಡಿ ತೆಗೆದರೆ ಎರಡು ಹೋಳಾಗುತ್ತದೆ. ಒಳಗೆ ಕೆಂಪು ನರಗಳು, ಹಿಂದಿನ ಗೋಡೆಯ ಮೇಲೆ ಸಾಸಿವೆಕಾಳಿನಷ್ಟು ಹಳದಿ ಚುಕ್ಕೆ. ಮಗಳು ಕೆಲಸಕ್ಕೆ ಸೇರಿದ ವಾರ ಔಷಧಿ ಕಂಪನಿಯವರು ಕೊಟ್ಟದ್ದು.

"ಅಮ್ಮಾ, ಅಕ್ಷರ ಓದೋದು, ಮುಖ ಗುರುತು ಹಿಡಿಯೋದು, ಎಲ್ಲಾ ಈ ಚುಕ್ಕೆಯಿಂದಾನೇ," ಎಂದು ಮೊದಲ ದಿನ ಹೇಳಿಕೊಟ್ಟಳು. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಆ ಚುಕ್ಕೆಯ ಹತ್ತಿರ ನೀರು ತುಂಬಿಕೊಳ್ಳುತ್ತದಂತೆ, ರಕ್ತ ಜಿನುಗುತ್ತದಂತೆ. ಆಗ ನೆಟ್ಟಗಿರುವ ಬಾಗಿಲು ಡೊಂಕಾಗಿ ಕಾಣುತ್ತದೆ, ಎದುರಿಗೆ ನಿಂತವರ ಮುಖದ ಮಧ್ಯೆ ಮಸಿ ಮೆತ್ತಿದಂತಾಗುತ್ತದೆ. ಅದನ್ನು ತಡೆಯಲು ಕಣ್ಣಿನೊಳಕ್ಕೇ ಸೂಜಿ ಚುಚ್ಚಿ ಔಷಧಿ ಬಿಡಬೇಕು. ಹಳೆಯ ಔಷಧಿ ಅಗ್ಗ, ಆದರೆ ತಿಂಗಳು ತಿಂಗಳು ಚುಚ್ಚಿಸಿಕೊಳ್ಳಬೇಕು. ನಮ್ಮದು (ನಾನೂ ಈಗ 'ನಮ್ಮದು' ಎನ್ನುವುದನ್ನು ಕಲಿತುಬಿಟ್ಟಿದ್ದೇನೆ) ಒಮ್ಮೆ ಚುಚ್ಚಿದರೆ ಮೂರು ನಾಲ್ಕು ತಿಂಗಳು ತಡೆಯುತ್ತದೆ. ಬೆಲೆ ಕೇಳಿದ ದಿನ ನನ್ನ ಗಂಡ ಹೊಲಿಗೆ ಯಂತ್ರ ನಿಲ್ಲಿಸಿದರು.

"ಎರಡು ತಿಂಗಳು ಪ್ಯಾಂಟು ಹೊಲಿದ್ರೆ ಒಂದು ಕಣ್ಣಿಗೆ ಒಂದು ಚುಚ್ಚು," ಎಂದರು. "ಮಗಳೇ, ಇದನ್ನ ಮಾರೋದಕ್ಕಿಂತ ಮರಳು ಹಿಂಡಿ ಎಣ್ಣೆ ತೆಗೆಯೋದು ಸುಲಭ."

ಮಗಳು ನಕ್ಕಳು. ಐದು ತಿಂಗಳಾಗುವ ಹೊತ್ತಿಗೆ ಆ ನಗು ಕಡಿಮೆಯಾಗಿತ್ತು.

ಕೆಲಸ ಖಾಯಂ ಆಗಲು ಆರು ತಿಂಗಳ ಗಡುವು. ಊರಿನಲ್ಲಿ ಇಂಥ ಸೂಜಿ ಹಾಕುವ ಡಾಕ್ಟರು ಏಳು ಮಂದಿ. ಅವರಲ್ಲಿ ಆರು ಮಂದಿ ಏಳನೆಯವರ ಮುಖ ನೋಡುವವರು. ಆ ಏಳನೆಯವರಿಗೆ ಅರವತ್ತು ದಾಟಿದೆ, ಪೊರಕೆಯಂಥ ಬಿಳಿ ಮೀಸೆ. ಔಷಧಿ ಕಂಪನಿಯವರಿಗೆ ಅವರು ಕೊಡುವುದು ಎರಡೇ ನಿಮಿಷ, ಅದೂ ತಲೆ ಎತ್ತದೆ. ಅದಕ್ಕೇ ಎಲ್ಲರೂ ಅವರನ್ನು 'ಎರಡ್ನಿಮಿಷ' ಎನ್ನುತ್ತಾರೆ. ಮಗಳ ಮ್ಯಾನೇಜರು ಹೇಳಿದ್ದರು: "ಎರಡ್ನಿಮಿಷ ಹತ್ತು ಸೂಜಿ ಬರೆದರೆ ನೀನು ಖಾಯಂ. ಇಲ್ಲದಿದ್ರೆ ಬೇರೆ ಕಡೆ ನೋಡ್ಕೋ." ಮಗಳು ನಾಲ್ಕು ಸಲ ಹೋಗಿ ಬಂದಿದ್ದಳು. ನಾಲ್ಕು ಸಲವೂ ಅವರು ಕೇಳಿದ್ದು ಒಂದೇ ಮಾತು, "ರೇಟು?" ಅದನ್ನು ಹೇಳಿದ ಮೇಲೆ ಎರಡು ನಿಮಿಷದಲ್ಲಿ ಇನ್ನೂ ಒಂದೂಕಾಲು ನಿಮಿಷ ಉಳಿಯುತ್ತಿತ್ತು. ಅದು ಸುಮ್ಮನೆ ಕಳೆಯುತ್ತಿತ್ತು.

ಹಾಗಾಗಿ ಪ್ರತಿ ಸಂಜೆ ನಮ್ಮ ಮನೆಯಲ್ಲಿ ಅಭ್ಯಾಸ. ಅಡುಗೆಮನೆಯೇ ಡಾಕ್ಟರ ಕೋಣೆ, ನಾನೇ ಡಾಕ್ಟರು. ಮುಂದಿನ ಕೋಣೆಯಲ್ಲಿ ಹೊಲಿಯುತ್ತ ಕೂತ ನನ್ನ ಗಂಡ ಆಸ್ಪತ್ರೆಯ ಬಾಗಿಲು ಕಾಯುವವರು. ಮಗಳು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಚೀಲ ತೊಡೆಯ ಮೇಲಿಟ್ಟು, ಅವರ ಪಕ್ಕದ ಸ್ಟೂಲಿನ ಮೇಲೆ ಕಾಯಬೇಕು.

"ಡಾಕ್ಟ್ರು ಬ್ಯುಸಿ," ಎನ್ನುತ್ತಿದ್ದರು ಇವರು ಕಾಜಾ ಹೊಲಿಯುತ್ತ. "ನಾಳೆ ಬನ್ನಿ."

"ಅಪ್ಪಾ, ಬಿಡಪ್ಪಾ ಒಳಗೆ. ಹೊಟ್ಟೆ ಹಸೀತಿದೆ."

"ಇಲ್ಲಿ ಅಪ್ಪ ಗಿಪ್ಪ ಅಂತೆಲ್ಲ ಇಲ್ಲ. ವಿಸಿಟಿಂಗ್ ಕಾರ್ಡ್ ಕೊಡಿ."

ಕೊನೆಗೆ ಒಳಗೆ ಬರುತ್ತಿದ್ದಳು. ನಾನು ಬೀನ್ಸ್ ಹೆಚ್ಚುತ್ತಲೋ ಪಾತ್ರೆ ಉಜ್ಜುತ್ತಲೋ ಇರುತ್ತಿದ್ದೆ. ಅವಳು ಕಂಪನಿಯ ಬಣ್ಣದ ಪುಸ್ತಕ ಬಿಚ್ಚಿ "ಗುಡ್ ಈವ್ನಿಂಗ್ ಸರ್" ಎಂದು ಶುರು ಮಾಡುವಳು. ಎರಡು ವಾಕ್ಯ ಆಗುವಷ್ಟರಲ್ಲಿ ಕೋಪ ಬರುತ್ತಿತ್ತು. "ಅಮ್ಮಾ, ಅದನ್ನ ಕೆಳಗಿಡು, ನನ್ನ ಮುಖ ನೋಡು!"

"ನಿನ್ನ ಎರಡ್ನಿಮಿಷ ನೋಡ್ತಾರಾ?"

"ಇಲ್ಲ."

"ಮತ್ತೆ? ನಾನು ಅವರ ಹಾಗೇ ಮಾಡ್ತಿದ್ದೀನಿ. ಮುಂದೆ ಹೇಳು." ನಾನು ಚಾಕು ಇಡುತ್ತಿರಲಿಲ್ಲ. ಏಳು ಗಂಟೆಗೆ ಊಟ ಆಗಬೇಕಲ್ಲ.

ಡಾಕ್ಟರು ಏನೇನು ಅಡ್ಡಮಾತು ಆಡಬಹುದು, ಅದಕ್ಕೆ ಏನೇನು ಉತ್ತರ ಕೊಡಬೇಕು ಎಂದು ಕಂಪನಿ ಎಂಟು ಬರೆದುಕೊಟ್ಟಿತ್ತು. ನಾನು ಆ ಎಂಟನ್ನೇ ಕೇಳಬೇಕು. ಮೊದಲ ವಾರ ಕೇಳಿದೆ. ಅವಳು ಅರಳು ಹುರಿದಂತೆ ಉತ್ತರ ಹೇಳಿದಳು, ಇವರು ಆ ಕಡೆಯಿಂದ "ಗಿಣಿಪಾಠ, ಗಿಣಿಪಾಠ" ಎಂದರು. ಎರಡನೇ ವಾರದಿಂದ ನನ್ನದೇ ಪ್ರಶ್ನೆಗಳು ಬಾಯಿಗೆ ಬರತೊಡಗಿದವು. ಮರೆಯಬಾರದೆಂದು ಗೋಡೆಯ ಕ್ಯಾಲೆಂಡರಿನ ಹಳೆ ಹಾಳೆ ಹರಿದು ಹಿಂಬದಿಯಲ್ಲಿ ಬರೆದಿಟ್ಟೆ. ಕಣ್ಣಿಗೆ ಪಟ್ಟಿ ಕಟ್ಟಿದವರು ಬಸ್ಸು ಹತ್ತುವುದು ಹೇಗೆ? ಮೊದಲ ಸೂಜಿಗೆ ದುಡ್ಡಿದ್ದು ಎರಡನೆಯದಕ್ಕೆ ಇಲ್ಲದಿದ್ದರೆ, ಶುರು ಮಾಡುವುದು ಸರಿಯೇ? ಹಳೆ ಔಷಧಿಯಿಂದಲೇ ಕಣ್ಣು ಉಳಿಯುತ್ತಿದ್ದರೆ ಇದು ಯಾಕೆ?

"ಅಮ್ಮಾ, ಯಾವ ಡಾಕ್ಟರೂ ಹೀಗೆಲ್ಲ ಕೇಳಲ್ಲ," ಎನ್ನುತ್ತಿದ್ದಳು. ಆದರೂ ಹಾಳೆಯನ್ನು ಮಡಚಿ ತನ್ನ ಫೈಲಿನೊಳಗಿಟ್ಟುಕೊಂಡಳು. ಮ್ಯಾನೇಜರಿಗೆ ತೋರಿಸಿದಾಗ ಅವರು, "ನಿನ್ನ ಅಮ್ಮನಿಗೆ ಮಾರ್ತೀಯಾ, ಡಾಕ್ಟರಿಗೆ ಮಾರ್ತೀಯಾ?" ಎಂದರಂತೆ.

ಆರನೇ ತಿಂಗಳ ಮೂರನೇ ಮಂಗಳವಾರ ಐದನೇ ಸಲ ಹೋದಳು. ಮಧ್ಯಾಹ್ನ ನಾಲ್ಕಕ್ಕೇ ಮನೆಗೆ ಬಂದು, ಚಪ್ಪಲಿಯನ್ನೂ ಬಿಡದೆ ಅಪ್ಪನ ಪಕ್ಕದ ಸ್ಟೂಲಿನ ಮೇಲೆ ಕೂತಳು. ಇವರಿಗೆ ಏನೂ ಗೊತ್ತಿಲ್ಲ. ಸೂಜಿಗೆ ದಾರ ಪೋಣಿಸುತ್ತ, "ಡಾಕ್ಟ್ರು ಬ್ಯುಸಿ, ನಾಳೆ ಬನ್ನಿ," ಎಂದರು.

ಮಗಳು ಗಳಗಳನೆ ಅತ್ತುಬಿಟ್ಟಳು.

ನಾನು ಕೈ ಒರೆಸಿಕೊಂಡು ಓಡಿಬಂದೆ. ನೀರು ಕುಡಿಸಿದೆ. ಬಿಕ್ಕುತ್ತ ಬಿಕ್ಕುತ್ತ ಹೇಳಿದಳು. "ಅವ್ರು ಏನೋ ಬರೀತಾ ಇದ್ರಮ್ಮ. ನಾನು ಹೇಳ್ತಾ ಇದ್ದೆ, ಅವ್ರು ಬರೀತಾನೇ ಇದ್ರು. ಥೇಟ್ ನಿನ್ನ ಹಾಗೆ. ನನ್ನ ಬಾಯಿಗೆ ಏನಾಯ್ತೋ... 'ಅಮ್ಮಾ, ಅದನ್ನ ಕೆಳಗಿಡು, ನನ್ನ ಮುಖ ನೋಡು' ಅಂದ್ಬಿಟ್ಟೆ."

"ಯಾರಿಗೆ?" ಎಂದರು ಇವರು. "ಆ ಮೀಸೆಯವರಿಗಾ?"

"ಹೂಂ ಅಪ್ಪಾ. ಮೀಸೆಯವರಿಗೇ."

ಇವರು ದಾರ ಕಚ್ಚುವ ನೆಪದಲ್ಲಿ ಮುಖ ಆಚೆ ತಿರುಗಿಸಿದರು. ಬೆನ್ನು ಅಲುಗುತ್ತಿತ್ತು. ನಾನು ಕಣ್ಣು ಬಿಟ್ಟು ಗದರಿಸಿದೆ.

"ಆಮೇಲೆ?"

"ಕೆಳಗಿಟ್ರು."

"ಏನನ್ನ?"

"ಪೆನ್ನನ್ನ. ಇಟ್ಟು, ನನ್ನ ಮುಖ ನೋಡಿದ್ರು. ಐದು ಸಲದಲ್ಲಿ ಮೊದಲನೇ ಸಲ. ನನಗೆ ಒಂದಕ್ಷರ ನೆನಪಾಗ್ಲಿಲ್ಲಮ್ಮ. ಎದ್ದು ಓಡಿಬಂದೆ. ಫೈಲೂ ಅಲ್ಲೇ ಬಿಟ್ಟುಬಂದೆ."

ಇನ್ನು ಆ ಬಾಗಿಲು ಮುಚ್ಚಿದ ಹಾಗೆಯೇ, ಕೆಲಸವೂ ಹೋದ ಹಾಗೆಯೇ ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವಳ ಫೋನು ಅಡುಗೆಮನೆಯ ಗೂಡಿನಲ್ಲಿ, ಪ್ಲಾಸ್ಟಿಕ್ ಕಣ್ಣಿನ ಪಕ್ಕ, ಚಾರ್ಜಿಗೆ ಇತ್ತು. ಆರು ಗಂಟೆಗೆ ಹೊಡೆದುಕೊಂಡಿತು. ಎಬ್ಬಿಸಲು ಮನಸ್ಸಾಗದೆ ನಾನೇ ಎತ್ತಿಕೊಂಡೆ.

"ಇದು ಔಷಧಿ ಕಂಪನಿ ಹುಡುಗಿ ನಂಬರಾ?" ಗಂಡು ದನಿ, ವಯಸ್ಸಾದದ್ದು.

"ಹೌದು. ಅವಳು ಮಲಗಿದ್ದಾಳೆ. ನಾನು ಅವಳ ಅಮ್ಮ."

"ನಿಜವಾದ ಅಮ್ಮನಾ?"

"ಅಂದ್ರೆ?"

"ಮಧ್ಯಾಹ್ನ ನನ್ನನ್ನೂ ಅಮ್ಮ ಅಂದಳು. ಅದಕ್ಕೇ ಕೇಳಿದೆ."

ಒಲೆಯ ಮುಂದೆ ಕೂತಿದ್ದವಳು ಎದ್ದು ನಿಂತೆ. ಅವರಿಗೆ ಕಾಣುವುದಿಲ್ಲ ಎಂದು ಗೊತ್ತಿದ್ದೂ ಸೆರಗು ಸರಿಮಾಡಿಕೊಂಡೆ. "ಡಾಕ್ಟ್ರೇ, ಮಗು, ಬಾಯಿ ತಪ್ಪಿ ಅಂದುಬಿಟ್ಟಿದೆ. ಮನಸ್ಸಿಗೆ ಹಚ್ಕೋಬೇಡಿ."

"ಅದಿರ್ಲಿ. ಅವಳ ಫೈಲಲ್ಲಿ ಒಂದು ಕ್ಯಾಲೆಂಡರ್ ಹಾಳೆ ಇದೆ. ಹಿಂದೆ ಪ್ರಶ್ನೆ ಬರೆದಿದೆ. ಯಾವ ಡಾಕ್ಟರು ಕೇಳಿದ್ದು ಇವು?"

"ನಾನೇ."

"ನೀವು ಡಾಕ್ಟರಾ?"

"ಸಂಜೆ ಹೊತ್ತು ಮಾತ್ರ," ಎಂದೆ. ಬೇರೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಅಭ್ಯಾಸದ ಕಥೆಯನ್ನೆಲ್ಲ ಹೇಳಿದೆ. ಅವರು ನಗಲಿಲ್ಲ, "ಹೂಂ, ಹೂಂ" ಎನ್ನುತ್ತಿದ್ದರು.

"ಒಂಬತ್ತನೇದು ನನಗೆ ಅರ್ಥ ಆಗ್ಲಿಲ್ಲ," ಎಂದರು. "ಬಟ್ಟೆ ಸೋಪು ಎರಡು, ಬೆಂಕಿಪೊಟ್ಟಣ, ಸಕ್ಕರೆ ಅರ್ಧ ಕೆಜಿ."

"ಅಯ್ಯೋ, ಅದು ಅಂಗಡಿ ಪಟ್ಟಿ!"

"ನನಗೆ ಉತ್ತರ ಗೊತ್ತಿದ್ದದ್ದು ಅದೊಂದೇ ಅಂದ್ಕೊಂಡಿದ್ದೆ." ಈಗಲೂ ಅವರು ನಗಲಿಲ್ಲ. ಹಾಳೆ ಸರಿಸುವ ಸದ್ದು ಕೇಳಿಸಿತು. "ನಾಲ್ಕನೇದು ಓದ್ತೀನಿ. 'ಆರನೇ ಸಲ ಕರೆದುಕೊಂಡು ಹೋಗುವವರು ಇಲ್ಲದಿದ್ದರೆ ಮುದುಕಿ ಏನು ಮಾಡಬೇಕು?' ಆರನೇ ಸಲ ಅಂತ ಯಾಕೆ ಬರೆದ್ರಿ? ಐದಲ್ಲ, ಏಳಲ್ಲ."

ಇದನ್ನು ನನ್ನ ಮಗಳು ಕೇಳಿರಲಿಲ್ಲ, ಗಂಡ ಕೇಳಿರಲಿಲ್ಲ. ನನ್ನ ತಾಯಿ ಹೋಗಿ ಮೂರು ವರ್ಷವಾಯಿತು. ಅವಳ ಬಲಗಣ್ಣಿಗೆ ಇದೇ ಕಾಯಿಲೆ ಬಂದಿತ್ತು. ಬೇರೊಂದು ಆಸ್ಪತ್ರೆಯಲ್ಲಿ ಹಳೆಯ ಔಷಧಿ ಹಾಕುತ್ತಿದ್ದರು, ತಿಂಗಳಿಗೊಂದು. ಐದು ಸಲ ನಾನೇ ಕರೆದುಕೊಂಡು ಹೋದೆ. ಬೆಳಿಗ್ಗೆ ಹೋದರೆ ಸಂಜೆ, ಮನೆಯ ಕೆಲಸವೆಲ್ಲ ಬಿದ್ದಲ್ಲೇ. ಆರನೇ ತಿಂಗಳು ಮಗಳಿಗೆ ಜ್ವರ, ಇವರಿಗೆ ಒಪ್ಪಿಕೊಂಡ ಬಟ್ಟೆಯ ರಾಶಿ. ಅಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು, "ಬೇಡ ಬಿಡೇ, ಈಗ ಚೆನ್ನಾಗೇ ಕಾಣ್ತಿದೆ," ಎಂದಳು. ನಾನು ಪಾತ್ರೆ ಉಜ್ಜುತ್ತಿದ್ದೆ. ಸರಿ ಎಂದುಬಿಟ್ಟೆ. ಅವಳ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತು, ಅವಳು ನನ್ನನ್ನಲ್ಲ, ನನ್ನ ಪಕ್ಕದ ಗೋಡೆಯನ್ನು ನೋಡುತ್ತ ಮಾತಾಡುತ್ತಿದ್ದಾಳೆ ಎಂದು. ಏಳನೇ ತಿಂಗಳು ಹೋದಾಗ, ತಡವಾಯಿತು ಎಂದರು.

ಇಷ್ಟನ್ನೂ ಡಾಕ್ಟರಿಗೆ ಹೇಳಿದೆ. ಗುರುತು ಪರಿಚಯವಿಲ್ಲದವರಿಗೆ ಹೇಳುವುದು ಸುಲಭವಾಯಿತೇನೋ.

ಅವರು ನಿಧಾನವಾಗಿ ಹೇಳಿದರು. "ನನ್ನ ರಿಜಿಸ್ಟರಿನಲ್ಲಿ ಹೆಚ್ಚುಕಮ್ಮಿ ಅರ್ಧ ಜನ ಐದಕ್ಕೋ ಆರಕ್ಕೋ ನಿಂತುಬಿಡ್ತಾರೆ. ಯಾಕೆ ಅಂತ ಯಾರೂ ಬಂದು ಹೇಳಲ್ಲ. ಬರದೇ ಇರೋರು ಬಂದು ಹೇಳೋದಾದ್ರೂ ಹೇಗೆ? ಶುಕ್ರವಾರ ಹನ್ನೊಂದಕ್ಕೆ ಕಳಿಸಿ ಅವಳನ್ನ. ಬಣ್ಣದ ಪುಸ್ತಕ ಬೇಡ. ಈ ಪ್ರಶ್ನೆಗಳಿಗೆ ಉತ್ತರ ಬರೆದು ತರಲಿ. ಸೋಪು ಬಿಟ್ಟು."

ಮಗಳನ್ನು ಎಬ್ಬಿಸಿ ಹೇಳಿದಾಗ ಮೊದಲು ನಂಬಲಿಲ್ಲ. ನಂಬಿದ ಮೇಲೆ ಹೆದರಿದಳು. ಸೋಪು ಬಿಟ್ಟರೆ ಹತ್ತು ಪ್ರಶ್ನೆ, ಮಧ್ಯೆ ಎರಡೇ ದಿನ. ಬುಧವಾರ ಪೂರ್ತಿ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಕೂತು, ರೋಗಿಗಳನ್ನು ಕರೆತಂದವರನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದಳು. ಗುರುವಾರ ಕಂಪನಿಯ ಕಚೇರಿಯಲ್ಲಿ ಬೀರು ಜಾಲಾಡಿದಳು. ಕಟ್ಟಲಾಗದವರಿಗೆ ಒಂದು ಬಿಟ್ಟು ಒಂದು ಸೂಜಿ ಪುಕ್ಕಟೆ ಕೊಡುವ ಯೋಜನೆಯೊಂದು ಅಲ್ಲಿ ಧೂಳು ತಿನ್ನುತ್ತಿತ್ತು. ಅರ್ಜಿ ಒಂಬತ್ತು ಪುಟ ಇದ್ದದ್ದರಿಂದ ಈವರೆಗೆ ಯಾರೂ ಮುಟ್ಟಿರಲಿಲ್ಲ. "ನಾನೇ ತುಂಬಿಕೊಡ್ತೀನಿ" ಎಂದು ಎರಡನೇ ಪ್ರಶ್ನೆಯ ಕೆಳಗೆ ಬರೆದಳು.

ತೊಡಕಾದದ್ದು ಏಳನೆಯದು. ಹಳೆ ಔಷಧಿಯಿಂದಲೇ ಕಣ್ಣು ಉಳಿಯುತ್ತಿದ್ದರೆ ಇದು ಯಾಕೆ? ಮ್ಯಾನೇಜರು ಫೋನಿನಲ್ಲಿ, "ಅದಕ್ಕೆ ಪುಸ್ತಕದಲ್ಲಿರೋದನ್ನೇ ಬರಿ," ಎಂದಿದ್ದರು. ಪುಸ್ತಕದಲ್ಲಿ ಉತ್ತರವೇ ಇರಲಿಲ್ಲ, ತಿರುಗಿ ಇನ್ನೊಂದು ಪ್ರಶ್ನೆ ಇತ್ತು: 'ದೃಷ್ಟಿಗೆ ಬೆಲೆ ಕಟ್ಟಬಹುದೇ, ಸರ್?'

ಶುಕ್ರವಾರ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ಹಾಳೆ ತೆಗೆದು ನೋಡಿದೆ. ಉಳಿದವುಗಳ ಕೆಳಗೆ ನಾಲ್ಕು ನಾಲ್ಕು ಸಾಲು ಇದ್ದವು. ಏಳರ ಕೆಳಗೆ ಒಂದೇ ಪದ.

'ಬೇಡ.'

ಪ್ರಶ್ನೆ ಕೇಳಿದವಳು ನಾನೇ. ಉತ್ತರ ನಿಜವೆಂದೂ ಗೊತ್ತು. ಆದರೂ ತಾಯಿಯ ಕರುಳು, ರಬ್ಬರು ಎಲ್ಲಿದೆ ಎಂದು ಹುಡುಕಿತು. ಅವಳು ತಲೆ ಒರೆಸಿಕೊಳ್ಳುತ್ತ ಬಂದಳು.

"ಇದನ್ನ ಸ್ವಲ್ಪ ಬೇರೆ ಥರ ಬರೀಬಹುದಲ್ವಾ ಪುಟ್ಟಾ? ನಿನ್ನ ಮ್ಯಾನೇಜರ್ ನೋಡಿದ್ರೆ?"

"ಹೇಗೆ ಬರೀಲಿ?"

"ಸುತ್ತಿ ಬಳಸಿ."

"ಅಜ್ಜಿ ಕಣ್ಣಿನ ಡಾಕ್ಟರ ಎದುರಿಗೆ ಕೂತಿದ್ದವಳು ನೀನು," ಎಂದಳು. ಫೋನಿನಲ್ಲಿ ನಾನಾಡಿದ್ದನ್ನೆಲ್ಲ ಗೋಡೆಯ ಕಡೆ ತಿರುಗಿಯೇ ಕೇಳಿಸಿಕೊಂಡಿದ್ದಳು ಎಂದು ನನಗೆ ಆಗಲೇ ತಿಳಿದದ್ದು. "ನಿನಗೆ ಯಾವ ಥರ ಹೇಳಿದ್ರೆ ಸರಿ ಇತ್ತಮ್ಮ?"

ನಾನು ಹಾಳೆ ಮಡಚಿ ಕೊಟ್ಟೆ. ಇವರು ಅವಳ ಅಂಗಿಯ ಸಡಿಲವಾದ ಗುಂಡಿಯನ್ನು ಮೈಮೇಲಿದ್ದಂತೆಯೇ ಹೊಲಿದು, "ಹೋಗಿ ಬಾ. ಇವತ್ತು ಅವರನ್ನ ಅತ್ತೆ ಅನ್ನು," ಎಂದರು.

ಆ ದಿನ ನಾನು ಮಾಡಿದ ಕೆಲಸಕ್ಕೆ ಲೆಕ್ಕವಿಲ್ಲ. ಉಜ್ಜಿದ ಪಾತ್ರೆಯನ್ನೇ ಮತ್ತೆ ಉಜ್ಜಿದೆ. ಇವರು ಒಂದು ಪ್ಯಾಂಟಿಗೆ ಎರಡು ಎಡಗಾಲು ಜೋಡಿಸಿ ಬಿಚ್ಚಿದರು.

ಒಂದೂವರೆಗೆ ಬಂದಳು. ಮುಖದಿಂದ ಏನೂ ತಿಳಿಯಲಿಲ್ಲ. ನೇರ ಅಡುಗೆಮನೆಗೆ ಬಂದು ನನ್ನ ಮಣೆಯ ಮೇಲೆ ತಾನು ಕೂತಳು. "ನೀನು ಹೊರಗೆ ಹೋಗಿ ಬಾ. ನೀನು ನಾನು. ನಾನು ಅವ್ರು." ಹೋದೆ. ಇವರು ಗಂಭೀರವಾಗಿ ಬಾಗಿಲು ತೋರಿಸಿದರು. "ಹೋಗಮ್ಮಾ ಒಳಗೆ. ಡಾಕ್ಟ್ರು ಕಾಯ್ತಿದ್ದಾರೆ."

ಮಗಳು ಇಲ್ಲದ ಮೀಸೆ ತಿರುವುತ್ತ ಹಾಳೆ ಓದುತ್ತಿದ್ದಳು. ಒಂದು, ಎರಡು, ಮೂರು. ಏಳಕ್ಕೆ ಬಂದು ನಿಂತಳು. ತಲೆ ಎತ್ತಿದಳು.

"ಇದನ್ನ ಬರಿ ಅಂತ ನಿಮ್ಮ ಕಂಪನಿ ಹೇಳಿತಾ?"

ನಾನು ನಿಜವಾಗಿಯೂ ಕೈ ಕಟ್ಟಿ ನಿಂತೆ. "ಇಲ್ಲ ಸರ್."

"ಹಾಗಾದ್ರೆ ಮಿಕ್ಕ ಒಂಬತ್ತನ್ನ ನಂಬಬಹುದು," ಎಂದು ದಪ್ಪ ದನಿಯಲ್ಲಿ ಹೇಳಿ, ಆಟ ಬಿಟ್ಟು, ನನ್ನ ಕೈ ಹಿಡಿದು ಎಳೆದು ಪಕ್ಕ ಕೂರಿಸಿಕೊಂಡಳು. "ನಲವತ್ತು ನಿಮಿಷ ಅಮ್ಮಾ! ರಿಜಿಸ್ಟರು ತರಿಸಿದ್ರು. ಒಬ್ಬೊಬ್ಬರದೇ ಹೆಸರು ನೋಡಿ, ಇವರಿಗೆ ಹಳೇದೇ ಸಾಕು, ಇವರಿಗೂ ಸಾಕು ಅಂತ ಬಿಟ್ಕೊಂಡು ಹೋದ್ರು. ಕೊನೆಗೆ ಮೂರು ಜನ ಉಳಿದ್ರು. ಒಬ್ಬಾಕೆ ಎರಡು ಬಸ್ಸು ಬದಲಾಯಿಸಿ ಒಬ್ಬಳೇ ಬರೋಳು. ಒಬ್ಬ ಕಾವಲುಗಾರ, ಬಂದ ದಿನದ ಕೂಲಿ ಹೋಗುತ್ತೆ. ಇನ್ನೊಬ್ಬ ಅಜ್ಜಿ ಆರನೇ ತಿಂಗಳಿಗೆ ಬಂದೇ ಇಲ್ಲ. ಅವರ ಮನೆಗೆ ಡಾಕ್ಟರೇ ನನ್ನೆದುರಿಗೆ ಫೋನ್ ಮಾಡಿದ್ರು."

"ಮೂರೇ?" ಎಂದರು ಇವರು ಬಾಗಿಲಿಂದ. "ಮ್ಯಾನೇಜರು ಕೇಳಿದ್ದು ಹತ್ತಲ್ವಾ?"

"ಮೂರೇ ಅಪ್ಪಾ."

ಸಂಜೆ ಮ್ಯಾನೇಜರಿಗೆ ಫೋನ್ ಮಾಡಿದಳು. ನಾವಿಬ್ಬರೂ ಕೆಲಸ ಮಾಡುವವರಂತೆ ಅಲ್ಲೇ ಸುಳಿದಾಡಿದೆವು. ಏಳನೇ ಉತ್ತರವನ್ನೂ ಅವಳು ಮುಚ್ಚಿಡಲಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಏರಿದ ದನಿ, ಆಮೇಲೆ ಇಳಿದ ದನಿ. ಫೋನ್ ಇಟ್ಟು ಹೇಳಿದಳು: "ಖಾಯಂ ಮಾಡಲ್ವಂತೆ. ತೆಗೆಯೋದೂ ಇಲ್ವಂತೆ. ಇನ್ನು ಮೂರು ತಿಂಗಳು ನೋಡ್ತಾರಂತೆ. ಕೊನೆಗೆ ಏನಂದ್ರು ಗೊತ್ತಾ? 'ಆ ಕೋಣೆಯಿಂದ ನಾನು ನಾಲ್ಕು ವರ್ಷದಲ್ಲಿ ಒಂದೂ ತಂದಿಲ್ಲ' ಅಂದ್ರು."

ಅದು ಹೊಗಳಿಕೆಯೋ ಬೈಗುಳವೋ ಎಂದು ಮೂವರೂ ಊಟದ ತನಕ ಚರ್ಚೆ ಮಾಡಿದೆವು. ಆಮೇಲೆ ಅವಳು ಆ ಒಂಬತ್ತು ಪುಟದ ಅರ್ಜಿ ಹರಡಿಕೊಂಡು ಕೂತಳು. ಕಾವಲುಗಾರನದು ಮೊದಲು.

ಸೋಮವಾರ ಸಂಜೆ ಮತ್ತೆ ಅಭ್ಯಾಸ. ಈ ಸಲ ಊರಿನ ಎರಡನೇ ಡಾಕ್ಟರು. ಎಲ್ಲದಕ್ಕೂ "ಹೂಂ ಹೂಂ, ಖಂಡಿತ" ಎನ್ನುವವರು, ಒಂದನ್ನೂ ಬರೆಯದವರು. ಅವರನ್ನು ಆಡುವುದು ಕಷ್ಟ ಎಂದಳು. ನಾನು ಬೀನ್ಸ್ ಹೆಚ್ಚುತ್ತಿದ್ದೆ. ಗೂಡಿನಿಂದ ಪ್ಲಾಸ್ಟಿಕ್ ಕಣ್ಣು ನೋಡುತ್ತಿತ್ತು. ಇವರು ಹೊರಗಿನಿಂದ, "ಡಾಕ್ಟ್ರೇ, ಯಾರೋ ಬಂದಿದ್ದಾರೆ. ಒಳ್ಳೇ ಮನೆತನದವರ ಥರ ಕಾಣ್ತಾರೆ. ಬಿಡ್ಲಾ?" ಎಂದು ಕೂಗಿದರು.

"ಬಿಡಿ," ಎಂದೆ.

ಬಂದಳು. ಚೀಲ ಇಳಿಸಿದಳು. "ಗುಡ್ ಈವ್ನಿಂಗ್ ಸರ್," ಎಂದು, ಮಾಮೂಲಿನಂತೆ ನಾನು ಕೇಳಿಸಿಕೊಳ್ಳುವುದಿಲ್ಲ ಎಂದುಕೊಂಡೇ ಮುಂದಿನ ವಾಕ್ಯಕ್ಕೆ ಉಸಿರು ತೆಗೆದುಕೊಂಡಳು.

ನಾನು ಚಾಕು ಕೆಳಗಿಟ್ಟೆ. ಕೈ ತೊಳೆದು ಸೆರಗಿಗೆ ಒರೆಸಿಕೊಂಡು, ಅವಳ ಎದುರಿಗೆ ಕೂತು, ಮುಖ ನೋಡಿದೆ. ಎಡ ಹುಬ್ಬಿನ ಕೆಳಗೆ ಚಿಕ್ಕಂದಿನ ಗಾಯದ ಗೆರೆ ಇನ್ನೂ ಹಾಗೇ ಇತ್ತು.

"ಹೀಗೆಲ್ಲ ನೋಡಬೇಡಮ್ಮ," ಎಂದಳು. "ನನಗೆ ಮಾತೇ ಮರೆತುಹೋಗುತ್ತೆ."

"ನೆನಪಾಗೋ ತನಕ ಕೂತಿರ್ತೀನಿ," ಎಂದೆ. "ಊಟ ಇವತ್ತು ಎಂಟಕ್ಕೆ."